ನಲವತ್ತೊಂದನೆಯ ಕಲ್ಲು

ದೆವ್ವ ಭೂತಗಳ ಮಾತು ಬಂದಾಗ ಮೊದಲು ನಗುತ್ತಿದ್ದವನು ನಾನು. ಓದಿದ್ದು ಭೂವಿಜ್ಞಾನ. ಕಂಡದ್ದನ್ನು ಅಳೆದು, ಬರೆದುಕೊಂಡು, ಆಮೇಲಷ್ಟೇ ನಂಬುವುದನ್ನು ಕಲಿತವನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಒಂದು ಮಧ್ಯಾಹ್ನದ ಮಟ್ಟಿಗೆ, ಅದು ದೆವ್ವವೇ ಆಗಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಯಾಕೆಂದು ಹೇಳುತ್ತೇನೆ.

ಅದು ವಿಶ್ವವಿದ್ಯಾಲಯ ಬಿಡುವ ಮುಂಚಿನ ಕೊನೆಯ ಬೇಸಿಗೆ. ಹೊಳೆಹೊನ್ನೂರಿನ ಆಚೆಯ ಕೆಲವು ಗುಡ್ಡಗಳಲ್ಲಿ ಎಲ್ಲೆಲ್ಲಿ ಯಾವ ಕಲ್ಲಿದೆ ಎಂದು ನಕ್ಷೆ ಬರೆಯುವ ಕೆಲಸ ನನಗೂ ಸಹಪಾಠಿ ರಫೀಕನಿಗೂ ಬಂದಿತ್ತು. ರಫೀಕ್ ಶಿವಮೊಗ್ಗದವನು. ಬೆಳಿಗ್ಗೆ ಬೈಕಿನಲ್ಲಿ ಮಾಚೇನಹಳ್ಳಿ ದಾಟಿ ಭದ್ರಾವತಿಗೆ ಬಂದು, ನ್ಯೂಟೌನಿನ ನಮ್ಮ ಮನೆಯ ಮುಂದೆ ಹಾರ್ನ್ ಹೊಡೆಯುತ್ತಿದ್ದ. ಬಾಗಿಲಲ್ಲಿ ಕುಳಿತಿರುತ್ತಿದ್ದ ಅಪ್ಪ ದಿನವೂ ಅವನನ್ನು ಕೇಳುತ್ತಿದ್ದರು: "ಯಾರ ಮಗನಪ್ಪ ನೀನು?" ರಫೀಕ್ ದಿನವೂ ಹೊಸಬನ ಹಾಗೆ ಉತ್ತರ ಕೊಡುತ್ತಿದ್ದ.

ಅಪ್ಪನಿಗೆ ಆಗ ಐವತ್ತು ದಾಟಿತ್ತು, ಅಷ್ಟೆ. ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸದಲ್ಲಿದ್ದವರು ಮರೆವು ಹೆಚ್ಚಾಗಿ ಮನೆಯಲ್ಲಿ ಉಳಿದಿದ್ದರು. ಕೆಲವು ಮನೆತನಗಳಲ್ಲಿ ಇದು ಮಕ್ಕಳಿಗೂ ಬರುವುದುಂಟು ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಕಲ್ಲಿನ ಮಾದರಿಯನ್ನು ಒಡೆದು ತೆಗೆಯುವ ಮುಂಚೆ, ಅದು ನೆಲದಲ್ಲಿ ಯಾವ ದಿಕ್ಕಿಗೆ ಮಲಗಿತ್ತು ಎಂದು ತೋರಿಸುವ ಒಂದು ಗೆರೆ, ಯಾವ ಕಡೆಗೆ ಇಳಿದಿತ್ತು ಎನ್ನುವುದಕ್ಕೆ ಒಂದು ಚಿಕ್ಕ ಅಡ್ಡಗೆರೆ, ಜೊತೆಗೆ ಸಂಖ್ಯೆ, ಇಷ್ಟನ್ನು ಅದರ ಮೇಲೆಯೇ ಬರೆಯಬೇಕು. ನಾನು ಪುಟ್ಟ ಡಬ್ಬಿಯ ಕೆಂಪು ಪೇಂಟಿನಲ್ಲಿ ಬರೆಯುತ್ತಿದ್ದೆ. ಸಂಖ್ಯೆಯ ಕೆಳಗೆ ಒಂದು ಸೊನ್ನೆ, ಅದರೊಳಗೆ ಓರೆಗೆರೆ. ತಾವು ಪರೀಕ್ಷಿಸಿದ ಎರಕದ ಮೇಲೆ ಅಪ್ಪ ಸೀಮೆಸುಣ್ಣದಲ್ಲಿ ಹಾಕುತ್ತಿದ್ದ ಗುರುತು ಅದು.

ನಮ್ಮ ಗುಡ್ಡಗಳಲ್ಲಿ ಎರಡು ಜಾತಿಯ ಕಲ್ಲುಗಳಿದ್ದವು. ಅವು ಕೂಡುವ ಜಾಗ ಮಾತ್ರ ಬೇಸಿಗೆಯೆಲ್ಲ ಅಲೆದರೂ ಸಿಕ್ಕಿರಲಿಲ್ಲ. ಎಲ್ಲ ಕಡೆ ಮಣ್ಣು ಮುಚ್ಚಿತ್ತು. ಕಾಣದ ಗೆರೆಯನ್ನು ಊಹಿಸಿ ಎಳೆದು ತಂದರೆ ನಕ್ಷೆ ವಾಪಸ್ಸು ಎಂದು ನಮ್ಮ ಮೇಷ್ಟ್ರು ಮೊದಲೇ ಹೇಳಿದ್ದರು. ಕೆಲಸ ಮುಗಿಸುವ ಹೊತ್ತಿಗೆ, ಒಂದು ಸುಡುಬಿಸಿಲಿನ ಮಧ್ಯಾಹ್ನ, ಅದುವರೆಗೆ ಇಳಿಯದಿದ್ದ ಒಂದು ಒಣ ಹಳ್ಳಕ್ಕೆ ಇಳಿದೆವು. ಅಲ್ಲಿತ್ತು ಅದು. ಕಪ್ಪು ಕಲ್ಲು, ಬಿಳಿ ಕಲ್ಲು, ನಡುವೆ ಸ್ಪಷ್ಟವಾದ ಗಡಿ.

"ಸಿಕ್ತು ಕಣೋ! ಇವತ್ತು ಬಿರಿಯಾನಿ ನಿಂದೇ!" ಎಂದು ರಫೀಕ್ ಹಿಂದಿನಿಂದ ಕೂಗಿದ.

ನಾನು ಪೇಂಟಿನ ಡಬ್ಬಿ ಹಿಡಿದು ಗಡಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತೆ. ಕಲ್ಲಿನ ಮೇಲೆ ಆಗಲೇ ಬರೆದಿತ್ತು. ಗೆರೆ, ಅಡ್ಡಗೆರೆ, ನಲವತ್ತೊಂದು, ಕೆಳಗೆ ಅಪ್ಪನ ಗುರುತು. ಅದುವರೆಗೆ ನಾವು ಒಡೆದು ತೆಗೆದದ್ದು ನಲವತ್ತೇ ಕಲ್ಲು.

ರಫೀಕ್ ಬಗ್ಗಿ ನೋಡಿದ. "ಒಬ್ನೇ ಬಂದು ಮಾಡ್ಕೊಂಡು ಹೋಗಿದೀಯಾ? ಮತ್ಯಾಕೆ ನನ್ನ ಬಿಸ್ಲಲ್ಲಿ ಸುಮ್ನೆ ಅಲೆಸ್ತಿದೀಯ ಮಾರಾಯ?"

"ತಮಾಷೆ ಸಾಕು. ನೀನೇ ಬರ್ದಿದೀಯ."

"ತಾಯಾಣೆ ಇಲ್ಲ! ನಿನ್ ಅಕ್ಷರ ನಿಂಗೇ ಗೊತ್ತಾಗಲ್ವಾ?"

ಗೊತ್ತಾಯಿತು. ನಾಲ್ಕನ್ನು ನಾನು ಬರೆಯುವ ಹಾಗೆಯೇ ಇತ್ತು. ದಿಕ್ಸೂಚಿ ಇಟ್ಟು ನೋಡಿದೆ, ಗೆರೆ ಸರಿಯಾಗಿತ್ತು. ಆಗ ನನಗೆ ದೆವ್ವದ ನೆನಪು ಬರಲಿಲ್ಲ. ಬಂದದ್ದು ಬಾಗಿಲಲ್ಲಿ ಕುಳಿತ ಅಪ್ಪ. ನಾನು ಇಲ್ಲಿಗೆ ಬಂದು, ಬರೆದು, ಮರೆತಿದ್ದೇನೆಯೆ? ಮತ್ತೆ ಬಗ್ಗಿ ನೋಡಿದಾಗ ಪೇಂಟ್ ಮಾಸಿದ್ದು ಕಂಡಿತು. ಎಷ್ಟೋ ಮಳೆಗಾಲ ಕಂಡಂತೆ ತೆಳುವಾಗಿ, ಅಂಚಿನಲ್ಲಿ ಚಕ್ಕೆ ಎದ್ದಿತ್ತು. ನಾವು ಆ ಸೀಮೆಗೆ ಕಾಲಿಟ್ಟದ್ದೇ ಆ ಬೇಸಿಗೆ. ಹಾಗಾದರೆ ಬರೆದವನು ನಾನಲ್ಲ. ಯಾರೋ ಏನೋ, ನಾನಂತೂ ಅಲ್ಲ. ಆ ಸಮಾಧಾನದಲ್ಲೇ ಸುತ್ತಿಗೆ ಎತ್ತಿ ಕಲ್ಲನ್ನು ಒಡೆದುಕೊಂಡೆ.

ನಕ್ಷೆ ಒಪ್ಪಿಗೆಯಾಯಿತು. ಕಲ್ಲನ್ನು ಸೂಕ್ಷ್ಮದರ್ಶಕಕ್ಕೆಂದು ತೆಳ್ಳಗೆ ಕೊಯ್ಯುವಾಗ ಪೇಂಟ್ ಇದ್ದ ಮುಖ ಪ್ರಯೋಗಾಲಯದ ಗರಗಸದಲ್ಲಿ ಪುಡಿಯಾಗಿ ಹೋಯಿತು. ಅಪ್ಪ ಕೊನೆಗೆ ನನ್ನನ್ನೂ ಯಾರ ಮಗನೆಂದು ಕೇಳಿ ತೀರಿಕೊಂಡರು. ನಾನು ಮಾತ್ರ ಆ ಮಾಸಿದ ಪೇಂಟನ್ನು ಇಷ್ಟು ವರ್ಷ ಬಿಗಿಯಾಗಿ ಹಿಡಿದುಕೊಂಡು ಬಂದೆ.

ಮೊನ್ನೆ ರಫೀಕ್ ಫೋನ್ ಮಾಡಿದ್ದ. ಬಳ್ಳಾರಿಯ ಕಡೆ ಗಣಿಯೊಂದರಲ್ಲಿದ್ದಾನೆ. ಮಾತಿನ ನಡುವೆ ಕೇಳಿಬಿಟ್ಟೆ: "ಆ ಕಲ್ಲಿನ ಪೇಂಟ್ ಮಾಸಿತ್ತಲ್ವೇನೋ?"

"ಮಾಸಿತ್ತಾ? ಹಸಿ ಇತ್ತು ಮಾರಾಯ! ನೀನು ಮುಟ್ಟಿ ಬೆರಳನ್ನ ಪ್ಯಾಂಟಿಗೆ ಒರೆಸ್ಕೊಂಡ್ಯಲ್ಲ."

ಆ ಸುಡುಬಿಸಿಲಿನಲ್ಲಿ ಹಸಿ ಎಂದರೆ ನಾವು ಹಳ್ಳಕ್ಕೆ ಇಳಿದ ಮೇಲೆ ಬರೆದದ್ದು. ನಾನು ಮುಂದೆ, ಅವನು ಹಿಂದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಮುಟ್ಟಿದ್ದೂ ಒರೆಸಿಕೊಂಡದ್ದೂ ನನಗೆ ನೆನಪಿಲ್ಲ. ಆ ಬೇಸಿಗೆಯ ನನ್ನ ಪ್ಯಾಂಟುಗಳಿಗೆಲ್ಲ ಕೆಂಪು ಬಣ್ಣ ಹತ್ತಿತ್ತು. ಅದರಿಂದ ಏನೂ ತಿಳಿಯುವುದಿಲ್ಲ. ಒಬ್ಬನೇ ಬಂದು ಮಾಡಿಕೊಂಡು ಹೋಗಿದ್ದೀಯಾ ಎಂದು ಆಗ ಕೇಳಿದ್ದವನೂ ರಫೀಕನೇ. ಅವನೇ ಮರೆತಿರಬಹುದು, ಇಲ್ಲವೇ ಹಳೆಯ ತಮಾಷೆಯನ್ನು ಇನ್ನೂ ಬೆಳೆಸುತ್ತಿರಬಹುದು.

ನನಗೀಗ ಅಪ್ಪನ ಆಗಿನ ವಯಸ್ಸು ಹತ್ತಿರವಾಗುತ್ತಿದೆ. ಆ ಕಲ್ಲಿನ ಮೇಲೆ ಬರೆದವರು ಬೇರೆ ಯಾರಾದರೂ ಆಗಿರಲಿ. ಯಾರಾದರೂ ಸರಿ.