ನನ್ನ ಸೊಂಟ, ಸರೋಜಕ್ಕನ ಲೆಕ್ಕ

ಹೋದ ಶನಿವಾರ ಮಧ್ಯಾಹ್ನ ನನ್ನ ಮಗಳು ಮೇಧಾ ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು, ಎರಡೂ ಕೈಯಲ್ಲಿ ಲಾಡಿ ಹಿಡಿದು, ಬಾವಿಯಿಂದ ನೀರು ಸೇದುವವಳ ಹಾಗೆ ಎಳೆಯುತ್ತಿದ್ದಳು.

"ಇನ್ನೂ ಎಳಿ" ಅಂದೆ.

"ಎಳೆಯೋಕೆ ಏನೂ ಉಳಿದಿಲ್ಲಮ್ಮ. ಎರಡು ಅಂಚೂ ಕೂಡ್ಕೊಂಡ್ಬಿಟ್ಟಿದೆ" ಅಂದು ಕೈಬಿಟ್ಟಳು.

ನನ್ನ ಕಾರ್ಸೆಟ್ ನಿಧಾನವಾಗಿ ಸೊಂಟದಿಂದ ಕೆಳಗೆ ಜಾರಿತು.

ಕಾರ್ಸೆಟ್ ಗೊತ್ತಲ್ಲ? ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಹೆಂಗಸರು ಸೊಂಟ ಸಣ್ಣದಾಗಿ ಕಾಣಲೆಂದು ತೊಡುತ್ತಿದ್ದ, ಒಳಗೆ ಕಡ್ಡಿಗಳಿರುವ ಗಟ್ಟಿ ರವಿಕೆ. ಬಿಗಿಯುವುದೊಂದೇ ಅದರ ಕೆಲಸ. ಜಾರುವ ಕಾರ್ಸೆಟ್ ಅಂದರೆ ಸೋರುವ ಛತ್ರಿ.

ನಲವತ್ತಮೂರರ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು? ಬೇಕಿತ್ತು, ಅಷ್ಟೇ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಜೆ.ಪಿ. ನಗರದ ಒಂದು ಹಾಲ್‌ನಲ್ಲಿ ಕಾಸ್‌ಪ್ಲೇ ಇತ್ತು. (ಕಥೆಯ ಪಾತ್ರದಂತೆ ವೇಷ ತೊಟ್ಟು ಮೆರೆಯುವುದು. ನಮ್ಮ ಫ್ಯಾನ್ಸಿ ಡ್ರೆಸ್ಸೇ, ಆದರೆ ದೊಡ್ಡವರು ನಾಚಿಕೆಯಿಲ್ಲದೆ ಮಾಡುವುದು.) ಫಾರಂ ತಂದವಳು ಮೇಧಾ. ಅವಳು ಹಿಂಜರಿದಳು, ನಾನು ತುಂಬಿದೆ. ಪಾತ್ರವೂ ನನ್ನದೇ ಕಲ್ಪನೆ: ಹಬೆಯ ವಿಮಾನ ಹಾರಿಸುವ ವಿಕ್ಟೋರಿಯನ್ ಪೈಲಟ್.

ಸೈಬರ್ ಸೆಂಟರ್‌ನಲ್ಲಿ ಕಾರ್ಸೆಟ್ ಮಾದರಿಯ ಪ್ರಿಂಟ್ ತೆಗೆಸಿ ಹಾಳೆ ಹಾಳೆ ಅಂಟಿಸಿದೆ. ಒಳಗಿನ ಕಡ್ಡಿಗಳ ಬದಲು, ಟಿವಿ ಡಬ್ಬಕ್ಕೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿ. ಪರದೆ ಬಟ್ಟೆಯ ಸ್ಕರ್ಟನ್ನು ನಾನೇ ಹೊಲಿದೆ. ಅದೊಂದು ಗೋಣಿಚೀಲದಷ್ಟು ಭಾರ. ಕಾರ್ಸೆಟ್‌ಗೆ ಕೊಕ್ಕೆ ಹಾಕಿ ನೇತುಹಾಕುವಂಥದ್ದು. ಕಾರ್ಸೆಟ್ ಜಾರಿದರೆ ವೇದಿಕೆಯ ಮೇಲೆ ಸ್ಕರ್ಟೂ ಜಾರಿತು ಅಂತಲೇ ಅರ್ಥ.

ದಪ್ಪ ಕ್ಯಾನ್ವಾಸ್ ನನ್ನ ಮಷೀನ್‌ಗೆ ಬಗ್ಗಲಿಲ್ಲ. ಹಾಗಾಗಿ ಕಾರ್ಸೆಟ್ ಹೊಲಿಯಲು ಶ್ರೀನಗರದ ಸರೋಜಕ್ಕನಿಗೆ ಕೊಟ್ಟೆ. ಹದಿನೆಂಟು ವರ್ಷದಿಂದ ನನ್ನ ರವಿಕೆ, ಚೂಡಿದಾರ್ ಎಲ್ಲ ಅವರದೇ ಕೈ. ಮೊದಲ ದಿನ ತೆಗೆದ ಅಳತೆ ಅವರ ಪುಸ್ತಕದಲ್ಲಿದೆ: ಸೊಂಟ ಮೂವತ್ತು. ಆಮೇಲೆ ಯಾವತ್ತೂ ಟೇಪ್ ಹಿಡಿದಿಲ್ಲ. "ಹಳೇ ಅಳತೆಗೇ ಹೊಲೀರಿ" ಅನ್ನುತ್ತೇನೆ, ಪ್ರತಿ ಸಲವೂ ಸರಿಯಾಗಿ ಕೂರುತ್ತದೆ. ಅಂದಮೇಲೆ ನನ್ನ ಸೊಂಟ ಇವತ್ತಿಗೂ ಮೂವತ್ತೇ ತಾನೇ?

ಕಾರ್ಸೆಟ್ ಮೈಗಿಂತ ನಾಲ್ಕಿಂಚು ಕಮ್ಮಿ ಇರಬೇಕು. ಚೀಟಿಯಲ್ಲಿ ಇಪ್ಪತ್ತಾರು ಎಂದು ಬರೆದುಕೊಟ್ಟೆ. (ಚೀಟಿಯೇ ಇರಲಿಲ್ಲ, ಬಾಯಲ್ಲಿ ಹೇಳಿದ್ದು ಎನ್ನುತ್ತಾಳೆ ಮೇಧಾ. ಎರಡು ವಾರದ ಹಿಂದಿನ ಮಾತಿಗೇ ನಮ್ಮ ಮನೆಯಲ್ಲಿ ಎರಡು ಆವೃತ್ತಿಗಳಿವೆ.)

ಹೊಲಿದು ಬಂದಮೇಲೆ, ಲಾಡಿ ತೂರಿಸುವ ತೂತುಗಳಿಗೆ ಲೋಹದ ರಿಂಗ್ ಹಾಕಿಸಲು ಗಿರಿನಗರದ ಫ್ಲೆಕ್ಸ್ ಬ್ಯಾನರ್ ಅಂಗಡಿಗೆ ಹೋದೆ. "ಯಾವ ಪಾರ್ಟಿದು ಮೇಡಂ?" ಅಂದರು. "ಪಕ್ಷೇತರ" ಅಂದೆ. ಅಷ್ಟು ಧೈರ್ಯದಲ್ಲಿದ್ದೆ. ಹಾಕಿ ನೋಡಿದ್ದು ಮಾತ್ರ ಶನಿವಾರ.

ಜಾರಿದ ಕಾರ್ಸೆಟ್ ಹಿಡಿದು ಸರೋಜಕ್ಕನ ಅಂಗಡಿಗೆ ಓಡಿದೆ. ಅಲ್ಲಿ ನಮ್ಮ ಎದುರು ಮನೆಯ ವಸಂತಕ್ಕ, ಸೀರೆಗೆ ಫಾಲ್ ಹಾಕಿಸಲು ಬಂದವರು, ಸ್ಟೂಲ್ ಮೇಲೆ ಕೂತಿದ್ದರು.

"ಇಪ್ಪತ್ತಾರು ಅಂತ ಬರ್ಕೊಟ್ಟಿದ್ನಲ್ಲ ಸರೋಜಕ್ಕ!"

"ಕೊಟ್ರಿ. ಅದಕ್ಕೇ ಮೂವತ್ತೆಂಟಕ್ಕೆ ಹೊಲಿದೆ."

"ಅದಕ್ಕೇ ಅಂದ್ರೆ?"

"ನೀವು ಹಳೇ ಅಳತೆ ಅಂದಾಗೆಲ್ಲ ನಾನು ನಿಮ್ಮನ್ನ ಒಂದ್ಸಲ ನೋಡ್ಕೊಂಡು ಹೊಲೀತೀನಿ ಮೇಡಂ. ಮಗು ಆದ್ಮೇಲೆ ಮೂವತ್ಮೂರು. ಮೊನ್ನೆ ಹಸಿರು ಚೂಡಿದಾರ್‌ಗೆ ಮೂವತ್ತಾರು. ಈಗ ಇಪ್ಪತ್ತಾರು ಅಂತ ಬಂದ್ರಿ. ಪಾಪ, ಏನೋ ಬೇಜಾರಲ್ಲಿದಾರೆ ಅನ್ಕೊಂಡು ಇನ್ನೆರಡಿಂಚು ಧಾರಾಳವಾಗಿ ಬಿಟ್ಟೆ."

"ಹದಿನೆಂಟು ವರ್ಷ ಹೇಳಲೇ ಇಲ್ವಲ್ರೀ!"

"ಹೇಳಿದ್ರೆ ನೀವು ಪಕ್ಕದ್ ಅಂಗಡಿಗೆ ಹೋಗ್ತಿದ್ರಿ."

ವಸಂತಕ್ಕ ಸ್ಟೂಲ್‌ನಿಂದ ಎದ್ದರು. "ಸರೋಜಾ, ನಂಗೂ ಹಿಂಗೇ ಮಾಡ್ತೀಯಾ?"

ಸರೋಜಕ್ಕ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನರಾದರು.

ಸಿಟ್ಟು ಬರಬೇಕಿತ್ತು. ಲೆಕ್ಕ ಹಾಕಿದರೆ ನಾನು ಹೇಳಿದಂತೆ ಹೊಲಿದಿದ್ದರೂ ಕೆಟ್ಟಿತ್ತು. ಅಂಚು ಕೂಡದೆ ಬೆನ್ನ ಮೇಲೆ ಒಂದು ಗೇಣು ಕಿಟಕಿ ತೆರೆದಿರುತ್ತಿತ್ತು. ನಾನು ಒಂಚೂರೂ ಬದಲಾಗಿಲ್ಲ ಎಂಬ ನನ್ನ ನೆನಪು ಇಷ್ಟು ಅಚ್ಚುಕಟ್ಟಾಗಿದ್ದದ್ದು ಯಾಕೆ? ಬೇರೊಬ್ಬರು ಅದನ್ನು ಹಿಂದಿನಿಂದ ಬಿಚ್ಚಿ ಬಿಚ್ಚಿ ಹೊಲಿಯುತ್ತಿದ್ದರು. ಇನ್ನು ಆಫೀಸಿನಲ್ಲಿ, ಮನೆಯಲ್ಲಿ, ಗೆಳತಿಯರಲ್ಲಿ ಯಾರ್ಯಾರು ನನಗೆ ಗೊತ್ತಾಗದಂತೆ ಎರಡೆರಡು ಇಂಚು ಬಿಟ್ಟುಕೊಡುತ್ತಿದ್ದಾರೋ!

"ಈಗ ಹಿಡಿದು ಕೊಡ್ತೀನಿ" ಅಂದರು ಸರೋಜಕ್ಕ. " ಆದ್ರೆ ಇದು ಅಂದಾಜಲ್ಲಿ ಆಗೋ ಬಟ್ಟೆ ಅಲ್ಲ. ಅಳೀಬೇಕು. ಕೈ ಎತ್ತಿ."

ವಸಂತಕ್ಕ ಅಲ್ಲೇ ಇದ್ದರು. ವಸಂತಕ್ಕನ ಕಿವಿಗೆ ಬಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ವೇದಿಕೆ ಬೇಕೋ, ಮೂವತ್ತು ಬೇಕೋ? ಕೈ ಎತ್ತಿದೆ.

"ಹೊಟ್ಟೆ ಬಿಡಿ ಮೇಡಂ. ಒಳಗೆ ಎಳ್ಕೊಂಡ್ರೆ ನಾಳೆ ನಿಮಗೇ ಕಷ್ಟ."

ಬಿಟ್ಟೆ.

"ಮೂವತ್ತಾರೂವರೆ!" ಸರೋಜಕ್ಕ ಹರಾಜು ಕೂಗಿದಂತೆ ಹೇಳಿದರು. ಕೂತು ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಹಿಡಿದು, ಮೂವತ್ತೆರಡೂವರೆಗೆ ಇಳಿಸಿ ಕೊಟ್ಟರು.

ಭಾನುವಾರ ವೇದಿಕೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಉಸಿರು ಅರ್ಧ ಬಂತು, ಸ್ಕರ್ಟ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಬಹುಮಾನ ಯಾರೋ ಡ್ರ್ಯಾಗನ್‌ಗೆ ಹೋಯಿತು. ಹೋಗಲಿ, ಅದರ ರೆಕ್ಕೆ ನಿಜಕ್ಕೂ ಚೆನ್ನಾಗಿತ್ತು.

ಕೆಳಗಿಳಿದಾಗ ನನ್ನದೇ ವಯಸ್ಸಿನ ಒಬ್ಬರು ಬಂದು ಬೆನ್ನಿನ ಲಾಡಿ ಮುಟ್ಟಿ ನೋಡಿದರು. "ಸೂಪರ್ ಆಗಿದೆ ರೀ. ಎಲ್ಲಿ ಹೊಲಿಸಿದ್ರಿ? ನಂಗೂ ಒಂದು ಬೇಕು. ಅಳತೆ ಸುಲಭ, ಕಾಲೇಜಿಂದ ಇವತ್ತಿನವರೆಗೂ ನಂದು ಇಪ್ಪತ್ತೆಂಟೇ."

ನಾನು ಅವರನ್ನು ಒಂದು ಸಲ ನೋಡಿ, "ನೋಡಿದ್ರೇ ಗೊತ್ತಾಗತ್ತೆ" ಅಂದೆ.