ಅಪ್ಪನ ಒಳಜೇಬಿನ ಬಿಪಿ ಮಾತ್ರೆ

ಗೆಳೆಯರೇ, ಇವತ್ತು ಬೆಳಿಗ್ಗೆ ಸಿಂಧನೂರಿನ ಡಾಕ್ಟರು ನನ್ನ ಬಿಪಿ ನೋಡಿ ಹುಬ್ಬೇರಿಸಿದರು. ನಾನು ಪಾಠ ಮಾಡುವ ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಾಗಿನಿಂದ ನನಗೆ ತಲೆಸುತ್ತು. ಅದಕ್ಕೇ ಅಪ್ಪ, ಅವ್ವ ಇಬ್ಬರೂ ಮಸ್ಕಿಯಿಂದ ನನ್ನ ಜೊತೆ ಬಂದಿದ್ದರು.

"ಟೀಚರ್, ಟೆನ್ಶನ್ ಎಲ್ಲರಿಗೂ ಇರ್ತೈತಿ. ಆದ್ರ ಟೆನ್ಶನ್ ಆದಾಗ ಬಿಪಿ ಹಿಂಗ ಏರೋದು ಕೆಲವು ಮನೆತನದಾಗ ಜಾಸ್ತಿ. ನಿಮ್ಮ ಮನ್ಯಾಗ ಯಾರಿಗರೆ ಐತೇನ್ರೀ?" ಎಂದು ಡಾಕ್ಟರು ಕೇಳಿದರು.

"ಯಾರಿಗೂ ಇಲ್ರೀ. ಇವರಂತೂ ಕಲ್ಲಿನಂಗ ಗಟ್ಟಿ ಅದಾರ" ಎಂದು ಅವ್ವ ಅಪ್ಪನನ್ನು ತೋರಿಸಿದಳು.

ಅಪ್ಪ ಒಳಜೇಬಿನಿಂದ ಬಿಪಿ ಮಾತ್ರೆಯ ಶೀಟು ತೆಗೆದು ಮೇಜಿನ ಮೇಲಿಟ್ಟ. "ಐದು ವರ್ಷದಿಂದ ತಗೊಳ್ಳಾಕತ್ತೀನ್ರೀ. ನಮ್ಮಪ್ಪಗೂ ಇತ್ತು."

"ನನಗ್ಯಾಕ ಹೇಳಲಿಲ್ರೀ?" ಅವ್ವ ಆ ಶೀಟನ್ನು ಕೈಗೆತ್ತಿಕೊಂಡು ಕೇಳಿದಳು.

"ನೀ ಹೆದರ್ತಿ ಅಂತ ಮುಚ್ಚಿಟ್ಟಿದ್ದೆ. ಈಗ ಮಗಳ ಸಲುವಾಗಿ ಹೇಳಬೇಕಾತು."

ಅವ್ವ ಕಣ್ಣೊರೆಸಿಕೊಂಡು ಡಾಕ್ಟರ ಮುಂದೆ ಕೈ ಚಾಚಿದಳು. "ನಂದೂ ನೋಡ್ರೀ. ಈ ಮಾತು ಕೇಳಿ ಏರಿರಬೇಕು."

ನೋಡಿದರೆ ಅವಳದು ಸರಿಯಾಗಿಯೇ ಇತ್ತು. ಡಾಕ್ಟರು ನನಗೂ ಮಾತ್ರೆ ಬರೆದುಕೊಟ್ಟು, ಉಪ್ಪು ಮತ್ತು ಕರಿದ ತಿಂಡಿ ಕಡಿಮೆ ಮಾಡಲು ಹೇಳಿದರು.

ಬಸ್ ನಿಲ್ದಾಣದ ಹತ್ತಿರ ಒಬ್ಬರು ಬಂಡಿಯಲ್ಲಿ ಬಿಸಿ ಮಿರ್ಚಿ ಬಜ್ಜಿ ಕರಿಯುತ್ತಿದ್ದರು. ಅಪ್ಪ ಮತ್ತು ನಾನು ಒಟ್ಟಿಗೇ ನಿಂತುಬಿಟ್ಟೆವು. ಅವ್ವ ಇಬ್ಬರ ಕೈಯನ್ನೂ ಹಿಡಿದೆಳೆದು ನನಗೆ ಹೇಳಿದಳು: "ನಡಿ ನಡಿ, ಇದೂ ನಿಮ್ಮಪ್ಪನಿಂದನ ಬಂದೈತಿ ನಿನಗ!"