ಎಮ್ಮೆಯ ಪಾಲು

ನಮ್ಮ ಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಹಾಕಿದವರು ನಮ್ಮ ಅತ್ತೆ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುತ್ತಿದ್ದರು. ಅವರ ಕೈ ನಡುಗಲು ಶುರುವಾದಾಗ, ಚುಂಚನಕಟ್ಟೆಗೆ ಕೊಟ್ಟಿದ್ದ ನನ್ನ ಮಗಳ ಚೊಚ್ಚಲ ಕೂಸಿಗೆ ನಾನೇ ನೀರು ಹಾಕಬೇಕೆಂದು ಹೇಳಿಟ್ಟರು. ಮಗಳಿಗಿನ್ನೂ ಬಸಿರಿನ ಸುದ್ದಿಯೂ ಇರಲಿಲ್ಲ.

ಕೈ ಪಳಗಲಿ ಎಂದು ಪಕ್ಕದ ಮನೆಯ ಕೂಸಿಗೆ ಒಂದು ದಿನ ನೀರು ಹಾಕಿದೆ. ಕೂಸು ಚೆನ್ನಾಗಿಯೇ ಮಿಂದಿತು. ಏಳಲಾಗದೆ ಕೂತವಳು ನಾನು. ಮಂಡಿ ಮಡಚಲು ಹೊಟ್ಟೆ ಬಿಡದು, ಹೊಟ್ಟೆ ಎತ್ತಲು ಮಂಡಿ ಒಪ್ಪದು. ಆ ಮನೆಯ ಇಬ್ಬರು ಹೆಂಗಸರು ಕಂಕುಳಿಗೆ ಕೈಹಾಕಿ, ಕೆಸರಲ್ಲಿ ಹೂತ ಗಾಡಿಯನ್ನೆತ್ತುವಂತೆ ಎತ್ತಿದರು. ನಾನು ಮನೆ ಸೇರುವಷ್ಟರಲ್ಲಿ ಸುದ್ದಿ ಸೇರಿತ್ತು.

“ಕೂಸ್ನ ನಿನ್ ಕೈಗೆ ಕೊಟ್ರೆ, ನಿಮ್ಮಿಬ್ರನ್ನೂ ಎತ್ತಾಕೆ ನಾನ್ ಯಾರ್ನ ಕರೀಲವ್ವ?” ಎಂದರು ಅತ್ತೆ. “ನೀರಾಕೋಕೆ ಬ್ಯಾರೆ ಯಾರ್ನಾದ್ರೂ ನೋಡ್ತೀನಿ ಬುಡು.”

ಮೊಮ್ಮಗುವಿನ ಮೈಯನ್ನು ಮೊದಲು ಬೇರೆಯವರ ಕೈ ಮುಟ್ಟಬೇಕೆ? ಮೈ ಇಳಿಸುವುದೆಂದು ಅಂದೇ ನಿಶ್ಚಯಿಸಿದೆ. ನಮ್ಮೂರು ಕಟ್ಟೆಮಳಲವಾಡಿಯಿಂದ ಹುಣಸೂರು ಸಂತೆಗೆ ಗಾಡಿ ಬಿಟ್ಟು ನಡೆದೆ. ಊಟಕ್ಕೆ ಅರ್ಧ ಮುದ್ದೆ, ಸೊಪ್ಪಿನ ಸಾರು. ಕುಪ್ಪಸದ ತೋಳು ಸಡಿಲವಾದಾಗ ಊರಿಗೆಲ್ಲ ತೋರಿಸಿಕೊಂಡು ಬಂದೆ.

ಆಮೇಲೆ ಅವರೆಕಾಯಿ ಕಾಲ ಬಂತು. ಮೈ ಇಳಿಯುವುದು ನಿಂತಿತು, ಅದರ ಹಿಂದೆಯೇ ಹುರುಪೂ ನಿಂತಿತು. ಅರೆಹೊಟ್ಟೆ ಉಂಡರೂ ಇಳಿಯದ ಮೈ, ಇದು ನನ್ನ ಹಣೆಬರಹ ಎಂದು ಒಂದು ಮಧ್ಯಾಹ್ನ ಅತ್ತೆಯ ಮುಂದೆ ಕಣ್ಣೀರು ಹಾಕಿದೆ.

ಅವರು ಎಲೆಗೆ ಸುಣ್ಣ ಸವರುತ್ತಲೇ ಕೇಳಿದರು: “ಉಂಡಿದ್ದು ಅರ್ಧ ಮುದ್ದೆ, ದಿಟ. ಆಮ್ಯಾಕೆ ಪಾತ್ರೆ ತಳದಲ್ಲಿದ್ದ ಇತಕಿದ ಅವರೆಬೇಳೆ? ಗಂಡನ ತಟ್ಟೇಲಿ ಮಿಕ್ಕಿದ್ದು?”

“ಅನ್ನ ಚೆಲ್ಬಾರ್ದು ಅಂತ ನೀವೇ ಅಲ್ವಾ ಅತ್ತೆ ಕಲ್ಸಿದ್ದು?”

“ಚೆಲ್ಬ್ಯಾಡ ಅಂದೆ ಕಣವ್ವ. ನಿನ್ನೊಟ್ಟೆಗೇ ತುಂಬ್ಕೊ ಅಂದ್ನಾ? ಕೊಟ್ಟಿಗೇಲಿ ಕಲಗಚ್ಚಿನ ಬಾನಿ ಯಾಕಿಟ್ಟಿದ್ದೀವಿ? ಎಮ್ಮೆ ಪಾಲ್ನ ನೀನ್ ತಿಂದು, ಎಮ್ಮೆ ಅಂಗಾದೆ ಅಂತ ಅಳ್ತೀಯಲ್ಲ.”

ಅಳುತ್ತಿದ್ದವಳಿಗೆ ನಗು ಬಂತು. ಆದರೂ, “ಈಗ ಮನಸ್ಸೇ ಬರ್ತಿಲ್ಲ ಅತ್ತೆ” ಎಂದೆ.

“ದಿನಾ ಬೆಳಿಗ್ಗೆ ಬಾಗ್ಲಿಗೆ ನೀರಾಕ್ತೀಯಲ್ಲ, ಮನಸ್ಸು ಬಂದು ಆಕ್ತೀಯಾ?”

ಚಳಿಗೆ ಹಲ್ಲು ಕಟಕಟ ಎನ್ನುವ ದಿನವೂ ಬಾಗಿಲಿಗೆ ನೀರು ಬೀಳುತ್ತಿತ್ತು. ಮನಸ್ಸನ್ನು ಯಾರೂ ಕೇಳಿರಲಿಲ್ಲ. ಮಾರನೆಯ ದಿನದಿಂದ, ಬಾಗಿಲಿಗೆ ನೀರು ಹಾಕಿದ ಬಿಂದಿಗೆಯನ್ನೇ ಕಂಕುಳಲ್ಲಿಟ್ಟುಕೊಂಡು ಹೊಳೆಗೆ ನಡೆದೆ. ಬಂದು ಮಣೆಯ ಮೇಲೆ ಕೂತು, ಗೋಡೆ ಹಿಡಿದು ಎದ್ದೆ. ಊಟವಾದ ಮೇಲೆ ಮಿಕ್ಕಿದ್ದೆಲ್ಲ ನೇರ ಬಾನಿಗೆ. ಹಬ್ಬದಲ್ಲಿ ಹೋಳಿಗೆಗೆ ಸೋತದ್ದುಂಟು, ಮಳೆಗಾಲದಲ್ಲಿ ಗೊಣಗಿದ್ದುಂಟು. ಆದರೆ ನಿನ್ನೆಯ ನೀರು ಒಣಗಿತೆಂದು ಯಾರಾದರೂ ಬಾಗಿಲು ತೊಳೆಯುವುದನ್ನೇ ಬಿಡುತ್ತಾರೆಯೇ? ಮತ್ತೆ ಬಿಂದಿಗೆ, ಮತ್ತೆ ಹೊಳೆ.

“ನಮ್ಮನೇಲಿ ಒಂದು ಇಳೀತಾ ಐತೆ, ಒಂದು ಏರ್ತಾ ಐತೆ” ಎಂದು ನನ್ನ ಗಂಡ ಎಮ್ಮೆಯ ಬೆನ್ನು ಸವರಿ ನಗುತ್ತಿದ್ದರು.

ಮತ್ತೊಂದು ಅವರೆಕಾಯಿ ಕಾಲ ಬಂದು ಹೋಯಿತು. ಗೋಡೆ ಹಿಡಿಯುವುದು ಯಾವಾಗ ತಪ್ಪಿತೋ ನನಗೇ ತಿಳಿಯಲಿಲ್ಲ. ಅದರ ಮುಂದಿನ ಸುಗ್ಗಿಗೆ ಮಗಳು ತವರಿಗೆ ಬಂದು ಹೆಣ್ಣುಕೂಸು ಹೆತ್ತಳು.

ಮೊದಲ ನೀರಿನ ದಿನ ಪಕ್ಕದ ಮನೆಯ ಆ ಇಬ್ಬರು ಹೆಂಗಸರೂ ಬಂದರು, ಸೆರಗು ಸಿಕ್ಕಿಸಿಕೊಂಡೇ ಬಂದರು. ಅವರು ಬಂದದ್ದು ಕೂಸು ನೋಡಲಲ್ಲ, ನನ್ನನ್ನು ಎತ್ತಲು. ನಾನು ಎಣ್ಣೆ ತಿಕ್ಕಿದೆ, ನೀರು ಹುಯ್ದೆ, ಕೂಸನ್ನು ಹಳೆಯ ಪಂಚೆಯಲ್ಲಿ ಸುತ್ತಿದೆ. ಅವರು ಕೈ ಚಾಚಿದರು. ನಾನು ಕೂಸನ್ನು ಎದೆಗವಚಿಕೊಂಡು, ಗೋಡೆಯನ್ನೂ ಮುಟ್ಟದೆ, ಅವರ ಕೈಗಳ ನಡುವೆಯೇ ಸಲೀಸಾಗಿ ಎದ್ದು ನಿಂತೆ.

ಸಾಂಬ್ರಾಣಿ ಹಿಡಿದು ನಿಂತಿದ್ದ ಅತ್ತೆಯ ಕಣ್ಣು ಒದ್ದೆಯಾಗಿತ್ತು. ಹೊಗೆಯಿಂದ ಎಂದು ಅವರು ಈಗಲೂ ಹೇಳುತ್ತಾರೆ.

“ಕೂಸ್ನ ಇಲ್ಲಿ ಕೊಡು” ಎಂದರು. “ಓಗು, ಎಮ್ಮೆ ತನ್ನ ಪಾಲಿಗೆ ಕಾಯ್ತಾ ಐತೆ.”